ಏಟು ತಿನ್ನಲು ಬರಬೇಕು: ರಿಂಗ್‌ನಲ್ಲಿ ದೊಡ್ಡವರು ಯಾಕೆ ದೊಡ್ಡವರು?

ಪ್ರಶ್ನೆ: ನನಗೆ 22 ವರ್ಷ. ಚಿಕ್ಕಂದಿನಿಂದ ರೆಸ್ಲಿಂಗ್ ನೋಡುತ್ತಿದ್ದೇನೆ. ನನ್ನ ರೂಮ್‌ಮೇಟ್ ದಿನಾ ಕಾಲೆಳೆಯುತ್ತಾನೆ. "ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರ್ತಾರೆ, ಅದರಲ್ಲಿ ಗ್ರೇಟ್ ಏನು ಬಂತು?" ಅನ್ನುತ್ತಾನೆ. ನನಗೂ ಸರಿಯಾಗಿ ಉತ್ತರ ಕೊಡಲು ಬರುವುದಿಲ್ಲ. ಹಲ್ಕ್ ಹೋಗನ್ ಮಾಡುತ್ತಿದ್ದದ್ದು ನಾಲ್ಕೈದು ಮೂವ್. ಅಂಡರ್‌ಟೇಕರ್ ನಿಧಾನಕ್ಕೆ ನಡೆದುಕೊಂಡು ಬರುತ್ತಿದ್ದ. ಆದರೂ ಜನ ಅವರನ್ನೇ ಲೆಜೆಂಡ್ ಅನ್ನುತ್ತಾರೆ. ಗಾಳಿಯಲ್ಲಿ ಎರಡೆರಡು ಪಲ್ಟಿ ಹೊಡೆಯುವ ಹುಡುಗರ ಹೆಸರು ಆರು ತಿಂಗಳಿಗೆ ಮರೆತುಹೋಗುತ್ತದೆ. ಯಾಕೆ ಹೀಗೆ? ಇನ್ನೊಂದು ವಿಷಯ. ನಾನು ಜಿಮ್ನಾಸ್ಟಿಕ್ಸ್ ಮಾಡಿದವನು, ಬ್ಯಾಕ್‌ಫ್ಲಿಪ್ ಸಲೀಸು. ರೆಸ್ಲಿಂಗ್ ಶಾಲೆಗೆ ಸೇರುವ ಆಸೆ ಇದೆ. ಹಾಸಿಗೆ ಹಾಕಿಕೊಂಡು ಮೂನ್‌ಸಾಲ್ಟ್ (ಹಿಂದಕ್ಕೆ ಪಲ್ಟಿ ಹೊಡೆದು ಎದುರಾಳಿ ಮೇಲೆ ಬೀಳುವ ಮೂವ್) ಪ್ರಾಕ್ಟೀಸ್ ಮಾಡುವಾಗ ಭುಜಕ್ಕೆ ಏಟಾಗಿದೆ, ಕೈ ಮೇಲೆತ್ತಿದರೆ ನೋವು. ನಾನು ಯಾವ ಸ್ಟೈಲ್ ಕಲಿತರೆ ಒಳ್ಳೆಯದು?

ಉತ್ತರ: ಮೊದಲು ಭುಜದ ವಿಷಯ ಮುಗಿಸೋಣ. ಕೈ ಎತ್ತಿದರೆ ನೋವು ಅಂದರೆ ಡಾಕ್ಟರಿಗೆ ತೋರಿಸಿ. ಅವರು ಸರಿ ಅನ್ನುವವರೆಗೆ ಪಲ್ಟಿ ಬಂದ್. ಹಾಸಿಗೆ ಮೇಲಿನ ಮೂನ್‌ಸಾಲ್ಟ್ ಅಂತೂ ಭುಜ ಸರಿಯಾದ ಮೇಲೂ ಬೇಡ. ಹಾಸಿಗೆ ಮೆತ್ತಗಿರುತ್ತದೆ, ತೊಂದರೆ ಇರುವುದೇ ಅಲ್ಲಿ. ಕೈಯೋ ಭುಜವೋ ಅದರೊಳಗೆ ಹೂತು ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತಲೇ ಇರುತ್ತದೆ.

ನೀವು ಕೇಳಿದ್ದು ಎರಡು ಪ್ರಶ್ನೆ. ನನ್ನ ಲೆಕ್ಕದಲ್ಲಿ ಅವೆರಡೂ ಒಂದೇ. ರಿಂಗ್‌ನಲ್ಲಿ ದೊಡ್ಡವರು ಮಾಡುವುದೇನು ಅಂತ ಗೊತ್ತಾದರೆ ನೀವು ಕಲಿಯಬೇಕಾದ್ದೇನು ಅಂತಲೂ ಗೊತ್ತಾಗುತ್ತದೆ. ನಾನು ಹೊಸಬರಿಗೆ ರಿಂಗ್‌ನಲ್ಲಿ ಕಲಿಸುವವನು. ಅಭಿಮಾನಿಗಳು ಕೊಡುವ ಉತ್ತರಕ್ಕೂ ನನ್ನ ಉತ್ತರಕ್ಕೂ ಅಲ್ಲಲ್ಲಿ ವ್ಯತ್ಯಾಸ ಇರಬಹುದು.

ನಿಮ್ಮ ರೂಮ್‌ಮೇಟ್ ಹೇಳುವುದು ಸುಳ್ಳಲ್ಲ. ಫಲಿತಾಂಶ ಮೊದಲೇ ತೀರ್ಮಾನ ಆಗಿರುತ್ತದೆ. ಈಗ ಇದರಲ್ಲಿ ಗುಟ್ಟೂ ಇಲ್ಲ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಕಂಪನಿಯೇ ಇದು ಸ್ಪರ್ಧೆಯಲ್ಲ, ಮನರಂಜನೆ ಅಂತ ಒಪ್ಪಿಕೊಂಡಿತು. ಕ್ರೀಡೆ ಅಂತಾದರೆ ಅಥ್ಲೆಟಿಕ್ ಕಮಿಷನ್ ನಿಯಮ, ತೆರಿಗೆ ಎಲ್ಲ ಕಟ್ಟಿಕೊಳ್ಳಬೇಕಿತ್ತು. ದಶಕಗಟ್ಟಲೆ ಕಾಪಾಡಿಕೊಂಡು ಬಂದ ಗುಟ್ಟು ದುಡ್ಡಿನ ಮುಂದೆ ನಿಲ್ಲಲಿಲ್ಲ.

ಆದರೆ ಗೆಲ್ಲುವವನು ಯಾರು ಅಂತ ಮೊದಲೇ ಗೊತ್ತಿದ್ದರೆ ಕೆಲಸ ಸುಲಭ ಅಂತ ನಿಮ್ಮ ರೂಮ್‌ಮೇಟ್ ಅಂದುಕೊಂಡಿದ್ದಾನೆ. ಅದು ತಪ್ಪು. ನಿಜವಾದ ಪಂದ್ಯದಲ್ಲಿ ಕುತೂಹಲ ಪುಕ್ಕಟೆ ಸಿಗುತ್ತದೆ. ಇಲ್ಲಿ ಅದನ್ನು ಇಬ್ಬರು ಸೇರಿ, ತಮ್ಮ ಮೈಯಿಂದಲೇ ಹುಟ್ಟಿಸಬೇಕು. ಅದೂ ಎಲ್ಲ ಗೊತ್ತಿರುವ ಸಾವಿರಾರು ಜನರ ಮುಂದೆ. ಟೇಕ್ ಟು ಅನ್ನುವಂತಿಲ್ಲ. ಕಾಲು ಜಾರಿದರೆ ಜಾರಿದ್ದೇ ಮ್ಯಾಚಿನ ಭಾಗ.

ಇನ್ನೊಂದು ಹಳೇ ಮಾತು: ರಿಂಗ್ ಅಡಿಗೆ ಸ್ಪ್ರಿಂಗ್ ಇರುತ್ತದೆ, ಬಿದ್ದರೆ ಏನೂ ಆಗುವುದಿಲ್ಲ ಅಂತ. ಕೆಲವು ರಿಂಗ್‌ಗೆ ನಡುವೆ ದಪ್ಪ ಸ್ಪ್ರಿಂಗ್ ಇರುವುದು ನಿಜ. ಆದರೆ ಅದು ಟ್ರಾಂಪೊಲಿನ್ ಅಲ್ಲ. ದೊಡ್ಡ ಕಂಪನಿಯ ರಿಂಗ್ ಒಂದೊಂದು ಬದಿಗೆ 20 ಅಡಿ. ಕೆಳಗೆ ಉಕ್ಕಿನ ಚೌಕಟ್ಟು, ಮೇಲೆ ಮರದ ಹಲಗೆ, ಹಲಗೆ ಮೇಲೆ ತೆಳ್ಳಗಿನ ಫೋಮ್, ಅದರ ಮೇಲೆ ಬಿಗಿಯಾಗಿ ಎಳೆದ ಕ್ಯಾನ್ವಾಸ್. ಎಷ್ಟೋ ಕಡೆ ಹಗ್ಗ ಅಂತ ಕಾಣುವುದು ಹಗ್ಗವೇ ಅಲ್ಲ, ರಬ್ಬರ್ ಪೈಪಿನೊಳಗೆ ತೂರಿಸಿದ ಉಕ್ಕಿನ ಕೇಬಲ್. ಹೊಸಬರು ಓಡಿ ಹೋಗಿ ಅದಕ್ಕೆ ಬೆನ್ನು ಕೊಟ್ಟರೆ ಪಕ್ಕೆ ಮೇಲೆ ನೀಲಿ ಗೆರೆ ಮೂಡುತ್ತದೆ.

ಬೆನ್ನ ಮೇಲೆ ಬೀಳುವುದಕ್ಕೆ ನಾವು ಬಂಪ್ ಅನ್ನುತ್ತೇವೆ. ಗದ್ದ ಎದೆಗೆ ಒತ್ತಿರಬೇಕು. ಉಸಿರು ಹೊರಗೆ ಬಿಡಬೇಕು. ಬೆನ್ನಿನ ಮೇಲ್ಭಾಗ ಅಗಲವಾಗಿ ನೆಲ ಮುಟ್ಟಬೇಕು, ಅದೇ ಕ್ಷಣಕ್ಕೆ ಎರಡೂ ಅಂಗೈ ಕ್ಯಾನ್ವಾಸ್‌ಗೆ ಬಡಿಯಬೇಕು. ಹೊಸಬರು ಹೆದರಿ ಕೈ ಹಿಂದಕ್ಕೆ ಊರಿಬಿಡುತ್ತಾರೆ, ಮಣಿಕಟ್ಟು ಹೋಗುತ್ತದೆ. ಇಲ್ಲವೇ ಕೊನೇ ಗಳಿಗೆಯಲ್ಲಿ ಗದ್ದ ಸಡಿಲ ಬಿಡುತ್ತಾರೆ, ತಲೆ ಹಿಂದಕ್ಕೆ ಬಡಿಯುತ್ತದೆ. ಕಲಿಸುವಾಗ ನಾನು ಕಣ್ಣಿಗಿಂತ ಕಿವಿಯನ್ನೇ ಜಾಸ್ತಿ ನಂಬುತ್ತೇನೆ. ಸರಿಯಾದ ಬಂಪ್‌ಗೆ ಒಂದೇ ಸದ್ದು, 'ಢಬ್' ಅಂತ. 'ಢಬ್, ಟಕ್' ಅಂತ ಎರಡು ಕೇಳಿಸಿತೋ, ಆ ಎರಡನೆಯದು ತಲೆ. ಅವತ್ತಿಗೆ ಆ ಹುಡುಗನ ಕ್ಲಾಸ್ ಮುಗಿಯಿತು, ಅವನು ಎಷ್ಟೇ ಗೋಗರೆದರೂ.

ಯಾರು ಬೇಕಾದರೂ ಬೀಳಲು ಕಲಿಯಬಹುದು. ಬಿದ್ದ ಮೇಲೆ ಏನು ಮಾಡುತ್ತಾರೆ ಅನ್ನುವುದರಲ್ಲೇ ಎಲ್ಲ ಇದೆ. ಏಟು ಬಿದ್ದಿದೆ, ನೋವಾಗಿದೆ, ಆ ನೋವಿನಿಂದ ಮುಂದಿನದ್ದು ಬದಲಾಗಿದೆ ಅಂತ ನೋಡುವವರಿಗೆ ಕಾಣಿಸಬೇಕು. ನಮ್ಮಲ್ಲಿ ಇದಕ್ಕೆ ಸೆಲ್ಲಿಂಗ್ ಅನ್ನುತ್ತಾರೆ. ನನ್ನ ಮಟ್ಟಿಗೆ ರೆಸ್ಲರ್‌ನ ಯೋಗ್ಯತೆ ಗೊತ್ತಾಗುವುದು ಅವನು ಏಟು ತಿನ್ನುವಾಗ. ಏಟು ಕೊಡುವುದನ್ನು ಮೈಕಟ್ಟು ಇರುವ ಯಾರಿಗಾದರೂ ಕಲಿಸಬಹುದು.

ಇದಕ್ಕೆ ಒಂದು ತಮಾಷೆಯ ಸಾಕ್ಷಿ ಜಪಾನಿನಲ್ಲಿದೆ. ಡಿಡಿಟಿ ಅನ್ನುವ ಕಂಪನಿಯಲ್ಲಿ ಯೋಶಿಹಿಕೊ ಅಂತ ಒಬ್ಬ 'ರೆಸ್ಲರ್'. ಅದು ಗಾಳಿ ತುಂಬಿದ ಗೊಂಬೆ. ಅಲ್ಲಿನ ರೆಸ್ಲರ್ ಕೋಟಾ ಇಬುಶಿ ಆ ಗೊಂಬೆ ಜೊತೆ ಪೂರ್ತಿ ಮ್ಯಾಚ್ ಆಡಿದ್ದಾನೆ. ಗೊಂಬೆ ಅವನನ್ನು ಎತ್ತಿ ಒಗೆದ ಹಾಗೆ ಕಾಣಬೇಕಾದರೆ ಅವನೇ ಗೊಂಬೆಯನ್ನು ಹಿಡಿದುಕೊಂಡು ತಲೆಕೆಳಗಾಗಿ ಬೀಳಬೇಕು. ಅದು ಕತ್ತು ಹಿಡಿದ ಹಾಗೆ ಕಾಣಬೇಕಾದರೆ ಅವನ ಮುಖ ಕೆಂಪೇರಬೇಕು. ನೋಡುವವರು ಮೊದಲು ನಗುತ್ತಾರೆ. ಸ್ವಲ್ಪ ಹೊತ್ತಿಗೆ ನಗುತ್ತಲೇ ಕೂಗಾಡಲು ಶುರು ಮಾಡುತ್ತಾರೆ. ಎದುರಾಳಿ ಬೆರಳೂ ಅಲ್ಲಾಡಿಸುವುದಿಲ್ಲ, ಆದರೂ ಮ್ಯಾಚ್ ನಡೆಯುತ್ತದೆ. ಯಾಕೆಂದರೆ ಏಟು ತಿನ್ನುವವನು ಒಳ್ಳೆಯವನು.

ಗಂಭೀರವಾದ ಉದಾಹರಣೆ ಬೇಕಾದರೆ ರಿಕ್ ಫ್ಲೇರ್. ವಿಶ್ವ ಚಾಂಪಿಯನ್ ಪಟ್ಟ 16 ಸಲ ಅಂತ ಲೆಕ್ಕ ಹಾಕುತ್ತಾರೆ. ಆದರೆ ಅವನ ಮ್ಯಾಚ್ ನೋಡಿದರೆ ಬಹುಪಾಲು ಹೊತ್ತು ಒದೆ ತಿನ್ನುತ್ತಲೇ ಇರುತ್ತಾನೆ. ಮಂಡಿಯೂರಿ ಕೈಮುಗಿಯುತ್ತಾನೆ. ಮೇಲಿನ ಹಗ್ಗಕ್ಕೆ ಹತ್ತುತ್ತಾನೆ, ಪ್ರತಿ ಸಲ ಯಾರಾದರೂ ಹಿಡಿದು ಕೆಳಗೆ ಒಗೆಯುತ್ತಾರೆ. ಏಟು ತಿಂದು ನಾಲ್ಕು ಹೆಜ್ಜೆ ಏನೂ ಆಗದವನಂತೆ ನಡೆದು, ಆಮೇಲೆ ಮುಖ ಅಡಿಯಾಗಿ ಧೊಪ್ಪನೆ ಬೀಳುತ್ತಾನೆ. ಅವನ ಎದುರು ನಿಂತ ಊರಿನ ಸಣ್ಣ ಹೀರೋ ಕೂಡ ಇವತ್ತು ಗೆದ್ದೇಬಿಟ್ಟ ಅನ್ನಿಸಬೇಕು, ಅದೇ ಅವನ ಕೆಲಸ. 1975ರಲ್ಲಿ ವಿಮಾನ ಅಪಘಾತದಲ್ಲಿ ಅವನ ಬೆನ್ನುಮೂಳೆ ಮುರಿದಿತ್ತು. ಆಮೇಲೆ ಎಷ್ಟೋ ಏಟುಗಳನ್ನು ನೇರ ಬೆನ್ನಿಗೆ ತೆಗೆದುಕೊಳ್ಳದೆ ಪಕ್ಕಕ್ಕೆ ವಾಲಿ ಬೀಳುತ್ತಿದ್ದ. ಗಮನಿಸಿ ನೋಡಿದರೆ ಗೊತ್ತಾಗುತ್ತದೆ.

ಫ್ಲೇರ್ ಮತ್ತು ರಿಕಿ ಸ್ಟೀಮ್‌ಬೋಟ್ 1989ರಲ್ಲಿ ಆಡಿದ ಮೂರು ಮ್ಯಾಚ್ ನೀವು ನೋಡಲೇಬೇಕು. ಫೆಬ್ರವರಿಯಲ್ಲಿ ಶಿಕಾಗೊ, ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್, ಮೇ ತಿಂಗಳಲ್ಲಿ ನ್ಯಾಶ್‌ವಿಲ್. ಮೂರನೆಯದರ ಕೊನೆ ನೋಡಿ. ಸ್ಟೀಮ್‌ಬೋಟ್‌ನ ಮಂಡಿಗೆ ಏಟಾಗಿದೆ. ಫ್ಲೇರ್‌ನ ಹೆಸರಾಂತ ಪಟ್ಟು ಫಿಗರ್ ಫೋರ್ ಲೆಗ್‌ಲಾಕ್, ಅದು ಕಾಲನ್ನೇ ಮುರಿಯುವ ಪಟ್ಟು. ಸ್ಟೀಮ್‌ಬೋಟ್ ಹೇಗೋ ಸಾವರಿಸಿಕೊಂಡು ಫ್ಲೇರ್‌ನನ್ನು ಎತ್ತಿ ಕೆಡವಲು ಹೋಗುತ್ತಾನೆ. ಸಾವಿರ ಸಲ ಮಾಡಿದ ಮಾಮೂಲಿ ಬಾಡಿಸ್ಲ್ಯಾಮ್. ಎತ್ತಿದ ಭಾರಕ್ಕೆ ಮಂಡಿ ಕುಸಿಯುತ್ತದೆ. ಫ್ಲೇರ್ ಅಲ್ಲೇ ಅವನನ್ನು ಸುತ್ತಿಕೊಂಡು ಪಿನ್ ಮಾಡುತ್ತಾನೆ, ಅಂದರೆ ಮೂರು ಎಣಿಸುವವರೆಗೆ ಅವನ ಭುಜ ನೆಲಕ್ಕೆ ಒತ್ತಿ ಹಿಡಿದು ಗೆಲ್ಲುತ್ತಾನೆ. ಪಟ್ಟ ಹೋಯಿತು. ಭಾರೀ ಮೂವ್ ಯಾವುದೂ ಇಲ್ಲ. ಆದರೆ ಮುಂಚೆ ಬಿದ್ದ ಏಟಿಗೆ ಇಲ್ಲಿ ಬೆಲೆ ಸಿಕ್ಕಿತು. ಇದೇ ಮ್ಯಾಚಿನಲ್ಲಿ ಸ್ಟೀಮ್‌ಬೋಟ್ ಮಧ್ಯದಲ್ಲೊಮ್ಮೆ ಮರೆತು ಚಂಗನೆ ಓಡಿಬಿಟ್ಟಿದ್ದರೆ ಈ ಕೊನೆ ಸುಮ್ನೆ ಹಾಸ್ಯಾಸ್ಪದ ಆಗುತ್ತಿತ್ತು.

ಹೊಸ ಹುಡುಗರು ಎಡವುವುದು ಇಲ್ಲೇ. ಎದುರಾಳಿ ಐದು ನಿಮಿಷ ಅವರ ಕಾಲು ತಿರುಚಿರುತ್ತಾನೆ. ತಮ್ಮ ಸರದಿ ಬಂದ ಕೂಡಲೇ ಅದೇ ಕಾಲಲ್ಲಿ ಎಗರಿ ಒದೆಯುತ್ತಾರೆ. ಒದೆಯಲಿ, ಬೇಡ ಅನ್ನುವುದಿಲ್ಲ. ಒದ್ದ ಮೇಲೆ ಆ ಕಾಲನ್ನು ಹಿಡಿದುಕೊಳ್ಳಬೇಕು ಅಲ್ವಾ? ಅದರಿಂದ ಎದುರಾಳಿಗೆ ಎರಡು ಸೆಕೆಂಡ್ ಸಿಗುತ್ತದೆ, ಪಿನ್ ಮಾಡಲು ತಡವಾಗುತ್ತದೆ, ಜನ "ಅಯ್ಯೋ" ಅನ್ನುತ್ತಾರೆ. ಒಂದು ಒದೆಯಲ್ಲಿ ಒಂದು ಕಥೆ ಆಯಿತು. ಅಂದ ಹಾಗೆ ಅಮೆರಿಕ, ಜಪಾನ್‌ಗಳಲ್ಲಿ ಪಟ್ಟು ಹಾಕುವುದು ಎಡಗೈ, ಎಡಗಾಲಿಗೆ. ಮೆಕ್ಸಿಕೋದ ಲುಚಾ ಲಿಬ್ರೆಯಲ್ಲಿ ಬಲಕ್ಕೆ. ಎರಡೂ ಕಡೆ ಆಡುವವರು ಈ ಅಭ್ಯಾಸವನ್ನು ತಲೆಯೊಳಗೆ ತಿರುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಇಬ್ಬರೂ ಒಂದೇ ಕಡೆ ಸರಿದು ಹಣೆಗೆ ಹಣೆ ಡಿಕ್ಕಿ.

ಈಗ ಹೋಗನ್. ನಿಮಗೆ ಅವನು ನಾಲ್ಕೈದು ಮೂವ್‌ನ ಮನುಷ್ಯ. ಸರಿ. ರೆಸಲ್‌ಮೇನಿಯಾ ಅಂದರೆ ಡಬ್ಲ್ಯೂಡಬ್ಲ್ಯೂಎಫ್‌ನ ವರ್ಷದ ಅತಿ ದೊಡ್ಡ ಶೋ; 1987ರ ರೆಸಲ್‌ಮೇನಿಯಾ 3 ತೆಗೆದುಕೊಳ್ಳಿ. ಎದುರಿಗೆ ಆಂದ್ರೆ ದಿ ಜೈಂಟ್. ಕಂಪನಿ ಹೇಳಿದ ತೂಕ 520 ಪೌಂಡ್. ಬೆನ್ನಿನ ಸರ್ಜರಿ ಆಗಿತ್ತು, ಆ ಹೊತ್ತಿಗೆ ಆಂದ್ರೆಗೆ ಸರಿಯಾಗಿ ನಡೆಯಲೂ ಕಷ್ಟ. ಮ್ಯಾಚ್ ಶುರುವಾದ ಕೂಡಲೇ ಹೋಗನ್ ಅವನನ್ನು ಎತ್ತಲು ಹೋಗುತ್ತಾನೆ. ಆಗುವುದಿಲ್ಲ. ಆಂದ್ರೆ ಅವನ ಮೇಲೇ ಬೀಳುತ್ತಾನೆ, ಸೋತೇಹೋದ ಅನ್ನುವ ಹಾಗೆ. ಅಲ್ಲಿಂದ ಮುಂದೆ ಹೆಚ್ಚುಕಮ್ಮಿ ಪೂರ್ತಿ ಮ್ಯಾಚ್ ಒಂದೇ ಪ್ರಶ್ನೆ: ಎತ್ತುತ್ತಾನಾ ಇಲ್ವಾ? ಸುಮಾರು 12 ನಿಮಿಷದ ಮ್ಯಾಚ್. ಕೊನೆಗೆ ಎತ್ತಿ ಕೆಡವಿದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. ತಂತ್ರದ ಲೆಕ್ಕದಲ್ಲಿ ಅದು ಸಾಧಾರಣ ಮ್ಯಾಚ್, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದೇ ಒಂದು ಮೂವ್‌ಗೆ ಅಷ್ಟು ಹಸಿವು ಹುಟ್ಟಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಹೋಗನ್‌ನ ಇನ್ನೊಂದು ಗುಣ ಜನರ ಕಡೆ ಕಿವಿ ಕೊಡುವುದು. 2002ರ ಮಾರ್ಚ್, ಟೊರಾಂಟೊ, ರೆಸಲ್‌ಮೇನಿಯಾ 18. ಅವನಿಗೆ 48 ವರ್ಷ, ಎದುರಿಗೆ ದಿ ರಾಕ್. ಹೋಗನ್ ಖಳನಾಯಕನಾಗಿ ಬರಬೇಕಿತ್ತು, ಹಾಗೇ ಬಂದ. ಜನ ಮಾತ್ರ ಅವನಿಗೇ ಜೈಕಾರ ಹಾಕಿದರು, ರಾಕ್‌ಗೆ ಛೀಮಾರಿ. ಬೇರೆಯವರಾಗಿದ್ದರೆ ಬರೆದುಕೊಟ್ಟಂತೆ ಆಡಿ ಮುಗಿಸುತ್ತಿದ್ದರು. ಇವರಿಬ್ಬರೂ ರಿಂಗ್‌ನಲ್ಲೇ ದಾರಿ ಬದಲಿಸಿದರು. ಹೋಗನ್ ತನ್ನ ಹಳೇ ಹೀರೋ ಆಟಕ್ಕೆ ಮರಳಿದ. ಏಟು ಬಿದ್ದರೂ ತಲೆ ಅಲ್ಲಾಡಿಸುತ್ತಾ ಎದ್ದು ನಿಲ್ಲುವ, ಬೆರಳು ತೋರಿಸುವ ಆಟ. ರಾಕ್ ಸ್ವಲ್ಪ ಒರಟಾದ. ಇಬ್ಬರೂ ನಡುವೆ ನಿಂತು ಆ ಕಡೆ ಈ ಕಡೆ ಜನರನ್ನು ನೋಡುವ ಹೊತ್ತಿದೆಯಲ್ಲ, ಆಗ ಒಂದು ಏಟೂ ಬಿದ್ದಿಲ್ಲ, ಆದರೂ ಗದ್ದಲಕ್ಕೆ ಕಿವಿ ಕಿವುಡಾಗುತ್ತದೆ. ಗೆದ್ದದ್ದು ರಾಕ್. ಆ ರಾತ್ರಿ ಅದು ಯಾರಿಗೂ ಮುಖ್ಯ ಆಗಿರಲಿಲ್ಲ.

ಅಂಡರ್‌ಟೇಕರ್‌ನ ನಿಧಾನವೂ ಇದೇ ಲೆಕ್ಕಕ್ಕೆ ಬರುತ್ತದೆ. ಅವನು ಅವಸರ ಮಾಡುತ್ತಿರಲಿಲ್ಲ. ಹಾಗಾಗಿ ಅವನ ಮುಖದಲ್ಲಿ ಚೂರು ಬದಲಾವಣೆ ಆದರೂ ಅದು ಸುದ್ದಿ. 2009ರ ರೆಸಲ್‌ಮೇನಿಯಾ 25ರಲ್ಲಿ ಶಾನ್ ಮೈಕಲ್ಸ್ ಜೊತೆ ಅರ್ಧ ಗಂಟೆ ಆಡಿದ. ತನ್ನ ಅಂತಿಮ ಅಸ್ತ್ರ ಟೂಂಬ್‌ಸ್ಟೋನ್ (ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ಮಂಡಿಯೂರಿ ಕೆಡವುವ ಮೂವ್) ಹಾಕಿದ ಮೇಲೂ ಮೈಕಲ್ಸ್ ಮೂರರ ಎಣಿಕೆಗೆ ಮೊದಲೇ ಭುಜ ಎತ್ತಿಬಿಟ್ಟ. ಆಗ ಕ್ಯಾಮರಾ ಅಂಡರ್‌ಟೇಕರ್‌ನ ಮುಖ ತೋರಿಸುತ್ತದೆ. ಕಣ್ಣು ಅರಳಿದೆ, ಬಾಯಿ ತೆರೆದಿದೆ. ಸಾವಿಗೇ ದಿಗಿಲಾದ ಹಾಗೆ. ಮ್ಯಾಚ್ ಮುಗಿದದ್ದು ಹೇಗೆ ಗೊತ್ತಾ? ನಿಮ್ಮ ಪ್ರೀತಿಯ ಮೂನ್‌ಸಾಲ್ಟ್‌ನಿಂದ. ಮೈಕಲ್ಸ್ ಮೇಲಿನ ಹಗ್ಗದಿಂದ ಹಿಂದಕ್ಕೆ ಪಲ್ಟಿ ಹೊಡೆದ, ಅಂಡರ್‌ಟೇಕರ್ ಗಾಳಿಯಲ್ಲೇ ಹಿಡಿದು ಇನ್ನೊಂದು ಟೂಂಬ್‌ಸ್ಟೋನ್ ಹಾಕಿದ. ಅರ್ಧ ಗಂಟೆ ಕಾದು ಬಂದ ಒಂದು ಪಲ್ಟಿ ಅದು. ಮ್ಯಾಚಿನ ಮೂರನೇ ನಿಮಿಷದಲ್ಲಿ ಹೊಡೆದಿದ್ದರೆ ಜನ ಚಪ್ಪಾಳೆ ತಟ್ಟಿ ಮರೆಯುತ್ತಿದ್ದರು. ಎರಡು ಪಲ್ಟಿ ಹೊಡೆಯುವ ಹುಡುಗರ ಹೆಸರು ನೆನಪಿರುವುದಿಲ್ಲ ಅಂದಿರಲ್ಲ, ಕಾರಣ ಇದು. ಪಲ್ಟಿ ಚೆನ್ನಾಗಿಲ್ಲ ಅಂತಲ್ಲ. ಅದರ ಹಿಂದೆ ಮುಂದೆ ಏನೂ ಇರುವುದಿಲ್ಲ.

ಹಾಗಂತ ವೇಗದ ಆಟ ಕಳಪೆ ಅನ್ನುವ ಹಳೇ ತಲೆಗಳ ಗುಂಪಿಗೆ ನನ್ನನ್ನು ಸೇರಿಸಬೇಡಿ. 2017ರ ಜನವರಿ 4ರಂದು ಟೋಕಿಯೋ ಡೋಮ್‌ನಲ್ಲಿ ಕಜುಚಿಕಾ ಒಕಾಡಾ ಮತ್ತು ಕೆನ್ನಿ ಒಮೆಗಾ 46 ನಿಮಿಷಕ್ಕೂ ಜಾಸ್ತಿ ಆಡಿದರು. ಮೈ ಜುಮ್ಮೆನ್ನಿಸುವ ಮೂವ್‌ಗಳ ಸುರಿಮಳೆ. ಆದರೆ ಒಂದೊಂದಕ್ಕೂ ಸುಸ್ತು ಕಾಣುತ್ತದೆ, ಒಂದೊಂದೂ ಹಿಂದಿನದಕ್ಕೆ ಉತ್ತರ. ಐದು ಸ್ಟಾರ್ ಲೆಕ್ಕದಲ್ಲಿ ರೇಟಿಂಗ್ ಕೊಡುವ ಅಮೆರಿಕದ ವಿಮರ್ಶಕ ಡೇವ್ ಮೆಲ್ಟ್ಜರ್ ಅದಕ್ಕೆ ಆರು ಕೊಟ್ಟರು. ಗಣಿತ ನನಗೆ ಅರ್ಥವಾಗಲಿಲ್ಲ, ಖುಷಿ ಅರ್ಥವಾಯಿತು.

ಮ್ಯಾಚನ್ನು ಮೊದಲೇ ಪೂರ್ತಿ ಬಾಯಿಪಾಠ ಮಾಡಬೇಕಾ, ರಿಂಗ್‌ನಲ್ಲೇ ಕಟ್ಟಿಕೊಂಡು ಹೋಗಬೇಕಾ ಅಂತ ನಮ್ಮವರಲ್ಲಿ ಯಾವಾಗಲೂ ಜಗಳ. ಸ್ಟೀಮ್‌ಬೋಟ್‌ನನ್ನೇ ನೋಡಿ. ಹೋಗನ್, ಆಂದ್ರೆ ಆಡಿದ ಅದೇ ರಾತ್ರಿ ಅವನು ರ್‍ಯಾಂಡಿ ಸ್ಯಾವೇಜ್ ಜೊತೆ ಆಡಿದ. ಸ್ಯಾವೇಜ್ ಪ್ರತಿ ಹೆಜ್ಜೆಯನ್ನೂ ಬರೆದು, ನಂಬರ್ ಹಾಕಿ, ಸ್ಟೀಮ್‌ಬೋಟ್‌ನನ್ನು ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದ. 15 ನಿಮಿಷಕ್ಕೂ ಕಡಿಮೆ ಹೊತ್ತಿನ ಆ ಮ್ಯಾಚನ್ನು ಇವತ್ತಿಗೂ ಮಾದರಿ ಅನ್ನುತ್ತಾರೆ. ಎರಡು ವರ್ಷ ಕಳೆದು ಫ್ಲೇರ್ ಜೊತೆ ಅದೇ ಸ್ಟೀಮ್‌ಬೋಟ್ ಗಂಟೆ ಹತ್ತಿರದವರೆಗೆ ಆಡಿದ, ಬಹಳಷ್ಟನ್ನು ಅಲ್ಲೇ ಪಿಸುಗುಟ್ಟಿಕೊಂಡು ಕಟ್ಟುತ್ತಾ. ಎರಡೂ ದಾರಿ ನಡೆಯುತ್ತದೆ. ಹೆಡ್‌ಲಾಕ್ ಹಾಕಿ ತಲೆ ಬಗ್ಗಿಸಿದಾಗ ಕಿವಿಯಲ್ಲಿ ಮಾತಾಡುವುದು, ಕೈ ಒತ್ತಿ "ಚೆನ್ನಾಗಿದ್ದೀಯಾ" ಅಂತ ಕೇಳುವುದು, ರೆಫರಿ ಮೂಲಕ ಸುದ್ದಿ ಕಳಿಸುವುದು, ಇವು ಯಾವ ದಾರಿಯಲ್ಲಾದರೂ ಬೇಕು.

ಪಾತ್ರದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೈಕ್ ಹಿಡಿದು ಅರ್ಧ ಗಂಟೆ ಮಾತಾಡುವುದೇ ಪಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. ಎಡ್ಡಿ ಗೆರೆರೊನನ್ನು ನೋಡಿ. 2004ರ ರೆಸಲ್‌ಮೇನಿಯಾ 20ರಲ್ಲಿ ಎದುರಾಳಿ ಕರ್ಟ್ ಆಂಗಲ್. 1996ರ ಒಲಿಂಪಿಕ್ಸ್‌ನಲ್ಲಿ ಕುಸ್ತಿ ಚಿನ್ನ ಗೆದ್ದ ಅಸಲಿ ಪೈಲ್ವಾನ. ಅವನ ಪಟ್ಟು ಆ್ಯಂಕಲ್ ಲಾಕ್, ಪಾದ ಹಿಡಿದು ತಿರುಚುವುದು. ಎಡ್ಡಿ ಸದ್ದಿಲ್ಲದೆ ಬೂಟಿನ ಲೇಸ್ ಸಡಿಲ ಮಾಡಿಕೊಳ್ಳುತ್ತಾನೆ. ಆಂಗಲ್ ಮತ್ತೆ ಪಟ್ಟು ಹಾಕಿದಾಗ ಅವನ ಕೈಯಲ್ಲಿ ಉಳಿಯುವುದು ಖಾಲಿ ಬೂಟು. ಆ ಗಲಿಬಿಲಿಯಲ್ಲೇ ಎಡ್ಡಿ ಅವನನ್ನು ಸುತ್ತಿ ಪಿನ್ ಮಾಡುತ್ತಾನೆ. ಮೋಸಗಾರ, ಆದರೂ ಮುದ್ದು. ಒಂದು ಮಾತೂ ಇಲ್ಲದೆ ಪಾತ್ರ ಪೂರ್ತಿ ತಿಳಿಯಿತು.

ಇನ್ನು ಎದುರಾಳಿಯ ಮೈ. ನಾನು ಎಲ್ಲಕ್ಕಿಂತ ಮೇಲೆ ಇಡುವ ಗುಣ ಇದು, ಟಿವಿಯಲ್ಲಿ ಇದು ಕಾಣುವುದೇ ಇಲ್ಲ. ಬ್ರೆಟ್ ಹಾರ್ಟ್ ಯಾವಾಗಲೂ ಹೆಮ್ಮೆಯಿಂದ ಹೇಳಿಕೊಂಡದ್ದು ತನ್ನ ಕೈಯಲ್ಲಿ ಯಾರಿಗೂ ದೊಡ್ಡ ಗಾಯ ಆಗಿಲ್ಲ ಅನ್ನುವುದನ್ನು. 1997ರಲ್ಲಿ ಶಿಕಾಗೊ ಹತ್ತಿರ, ರೆಸಲ್‌ಮೇನಿಯಾ 13ರಲ್ಲಿ ಸ್ಟೀವ್ ಆಸ್ಟಿನ್ ಜೊತೆ ಅವನು ಆಡಿದ್ದನ್ನು ನೋಡಿದರೆ ಇಬ್ಬರೂ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ ಅನ್ನಿಸುತ್ತದೆ. ರಕ್ತ ಮುಖವೆಲ್ಲ ಹರಿಯುತ್ತಿದ್ದರೂ ಆಸ್ಟಿನ್ ಸೋಲೊಪ್ಪದೆ, ಕಾಲು ಸಿಕ್ಕಿಸಿ ಬೆನ್ನು ಬಗ್ಗಿಸುವ ಬ್ರೆಟ್‌ನ ಶಾರ್ಪ್‌ಶೂಟರ್ ಪಟ್ಟಿನಲ್ಲೇ ಪ್ರಜ್ಞೆ ತಪ್ಪುತ್ತಾನೆ. ಒಳ್ಳೆಯವನಾಗಿ ಬಂದ ಬ್ರೆಟ್ ಕೆಟ್ಟವನಾಗಿ ಹೊರಟ, ಕೆಟ್ಟವನಾಗಿ ಬಂದ ಆಸ್ಟಿನ್ ಹೀರೋ ಆಗಿ ಹೊರಟ. ಅಷ್ಟು ಕ್ರೂರವಾಗಿ ಕಂಡ ಮ್ಯಾಚಿನಿಂದ ಇಬ್ಬರೂ ನಡೆದುಕೊಂಡೇ ಹೋದರು.

ಐದು ತಿಂಗಳು ಕಳೆದಿರಲಿಲ್ಲ. ಬೇರೆ ಮ್ಯಾಚಿನಲ್ಲಿ ಒಂದು ಪೈಲ್‌ಡ್ರೈವರ್ (ಎದುರಾಳಿಯನ್ನು ತಲೆಕೆಳಗಾಗಿ ತೊಡೆಗಳ ನಡುವೆ ಹಿಡಿದು ಕೆಳಗೆ ಕೂರುವ ಮೂವ್) ಸ್ವಲ್ಪ ತಪ್ಪಿ ಆಸ್ಟಿನ್‌ನ ಕತ್ತಿಗೆ ಗಂಭೀರ ಪೆಟ್ಟಾಯಿತು. ತಲೆ ಎದುರಾಳಿಯ ತೊಡೆಗಿಂತ ಕೆಲವು ಇಂಚು ಕೆಳಗಿತ್ತು, ಅಷ್ಟೇ. ಅವನು ಆಮೇಲೆ ತನ್ನ ಆಟವನ್ನೇ ಬದಲಿಸಿಕೊಂಡ. ಮೊದಲಿನ ಪಟ್ಟುಗಾರಿಕೆ ಕಡಿಮೆ ಮಾಡಿ, ಗುದ್ದಾಟ, ಓಡಾಟ ಜಾಸ್ತಿ ಮಾಡಿದ. ಅಚ್ಚರಿ ಅಂದರೆ ಅವನು ಅತಿ ದೊಡ್ಡ ಸ್ಟಾರ್ ಆದದ್ದು ಮೂವ್ ಕಡಿಮೆ ಆದ ಮೇಲೆಯೇ. ಆದರೆ ಕತ್ತು ಬಿಡಲಿಲ್ಲ, 2003ಕ್ಕೆ ಆಟ ನಿಲ್ಲಿಸಬೇಕಾಯಿತು.

ನಿಮ್ಮ ಸ್ಟೈಲ್ ವಿಷಯಕ್ಕೆ ಬರೋಣ. ಹಾರಾಟದ ಸ್ಟೈಲ್ ನಿಮಗೆ ಸಹಜವಾಗಿ ಬರುತ್ತದೆ. ಬೇಗ ಕಣ್ಣಿಗೆ ಬೀಳುತ್ತೀರಿ, ಬೇಗ ಅವಕಾಶ ಸಿಗುತ್ತದೆ. ಅಪಾಯವೂ ಅಲ್ಲೇ ಇದೆ. ಜಪಾನಿನ ಹಯಬುಸಾ ಮೂನ್‌ಸಾಲ್ಟ್‌ಗಳಿಗೇ ಹೆಸರಾದವನು. 2001ರ ಅಕ್ಟೋಬರ್‌ನಲ್ಲಿ ಹಗ್ಗದಿಂದ ಹಿಂದಕ್ಕೆ ಪಲ್ಟಿ ಹೊಡೆಯುವಾಗ ಕಾಲು ಜಾರಿತು, ತಲೆ ಮೇಲೆ ಬಿದ್ದ, ಕತ್ತಿಗೆ ಪೆಟ್ಟಾಗಿ ಮೈ ಸ್ವಾಧೀನ ತಪ್ಪಿತು. ಲೆಕ್ಕವಿಲ್ಲದಷ್ಟು ಸಲ ಸರಿಯಾಗಿ ಮಾಡಿದ್ದ ಮೂವ್ ಅದು. ಜಿಮ್ನಾಸ್ಟಿಕ್ಸ್ ಗೊತ್ತಿರುವವರಿಗೆ ಇನ್ನೊಂದು ತೊಡಕು ಇದೆ. ನಿಮ್ಮ ಮೈಗೆ ಗಟ್ಟಿ ನೆಲದಿಂದ ಹಾರಿ ಪಾದದ ಮೇಲೆ ನಿಲ್ಲುವ ಅಭ್ಯಾಸ. ಇಲ್ಲಿ ಅಲುಗಾಡುವ ಹಗ್ಗದಿಂದ ಹಾರಿ, ಜೀವಂತ ಮನುಷ್ಯನ ಮೇಲೆ, ಅವನಿಗೂ ನೋವಾಗದ ಹಾಗೆ ಬೀಳಬೇಕು. ಅರ್ಧ ಹಳೇ ಅಭ್ಯಾಸ ಬಿಡಬೇಕಾಗುತ್ತದೆ.

ಗಟ್ಟಿಯಾಗಿ ಹೊಡೆಯುವ ಸ್ಟೈಲ್ ಎರಡನೆಯದು. ಇದಕ್ಕೂ ಅಭಿಮಾನಿಗಳಿದ್ದಾರೆ, ನಾನೂ ಒಬ್ಬ. 2005ರಲ್ಲಿ ಟೋಕಿಯೋ ಡೋಮ್‌ನಲ್ಲಿ ಕೆಂಟಾ ಕೊಬಾಶಿ ಮತ್ತು ಕೆನ್ಸುಕೆ ಸಸಾಕಿ ನಿಮಿಷಗಟ್ಟಲೆ ಬರೀ ಎದೆಗೆ ಚಾಪ್ (ಬಿಚ್ಚಿದ ಕೈಯ ಏಟು) ಹೊಡೆದುಕೊಳ್ಳುತ್ತಾ ನಿಂತರು. ಒಂದೇ ಮೂವ್, ಇಡೀ ಡೋಮ್ ಅವರ ಕೈಯಲ್ಲಿ. ಎದೆಗೆ ಬೀಳುವ ಚಾಪ್ ಚರ್ಮ ಕೆಂಪು ಮಾಡುತ್ತದೆ, ಮಾಸಿಹೋಗುತ್ತದೆ. ಕತ್ತಿನ ಮೇಲೆ ಬೀಳುವ ಬಂಪ್‌ಗಳು ಮಾಸುವುದಿಲ್ಲ, ಒಳಗೆ ಕೂಡಿಕೊಳ್ಳುತ್ತಾ ಹೋಗುತ್ತವೆ. ಕೊಬಾಶಿಯ ಕಾಲದ ಅತಿ ದೊಡ್ಡ ಹೆಸರು ಮಿತ್ಸುಹಾರು ಮಿಸಾವಾ. 2009ರ ಜೂನ್‌ನಲ್ಲಿ ಹಿರೋಶಿಮಾದಲ್ಲಿ ಒಂದು ಸುಪ್ಲೆಕ್ಸ್ (ಎತ್ತಿ ಹಿಂದಕ್ಕೆ ಕೆಡವುವ ಮೂವ್) ಬಿದ್ದ ಮೇಲೆ ಮೇಲೇಳಲಿಲ್ಲ. 46 ವರ್ಷ. ಅವತ್ತಿನ ಏಟು ಅಸಾಧಾರಣವೇನೂ ಆಗಿರಲಿಲ್ಲ.

ನೆಲದ ಮೇಲಿನ ಪಟ್ಟುಗಾರಿಕೆ ಕತ್ತಿಗೆ ಕೊಂಚ ದಯೆ ತೋರಿಸುತ್ತದೆ. ಆದರೆ ಕಲಿಯಲು ಬಹಳ ಸಮಯ, ಜನರಿಗೆ ಬೇಜಾರಾಗುವ ಅಪಾಯ ಜಾಸ್ತಿ. ಪಾತ್ರವನ್ನೇ ನಂಬಿದ ನಿಧಾನದ ಆಟ ಮೈಗೆ ಇನ್ನೂ ಹಗುರ ಅಂತ ಕಾಣುತ್ತದೆ, ಪೂರ್ತಿ ನಿಜವಲ್ಲ. ಹೋಗನ್‌ನ ಲೆಗ್ ಡ್ರಾಪ್ ನೋಡಲು ಎಷ್ಟು ಸರಳ! ಬರೀ ಕೂತ ಭಂಗಿಯಲ್ಲಿ ಬೀಳುವುದು. ತನ್ನ ಬೆನ್ನು, ಸೊಂಟ ಹಾಳಾಗಲು ಅದೇ ಕಾರಣ ಅಂತ ಅವನು ದೂರುತ್ತಿದ್ದ. ರಾತ್ರಿ ರಾತ್ರಿ, ವರ್ಷಗಟ್ಟಲೆ.

ನನ್ನನ್ನು ಕೇಳಿದರೆ ಸದ್ಯಕ್ಕೆ ಸ್ಟೈಲ್ ಆರಿಸಿಕೊಳ್ಳಬೇಡಿ. ಮೊದಲ ವರ್ಷ ಬೀಳುವುದು, ಉರುಳುವುದು, ಹಗ್ಗಕ್ಕೆ ಓಡುವುದು, ಏಟು ತಿನ್ನುವುದು. ಆಮೇಲೆ ಅವಕಾಶ ಸಿಕ್ಕರೆ ಖಳನಾಗಿ ಆಡಿ. ನಾವು ಹೀಲ್ ಅನ್ನುವ ಆ ಪಾತ್ರವೇ ಸಾಮಾನ್ಯವಾಗಿ ಮ್ಯಾಚಿನ ಚುಕ್ಕಾಣಿ ಹಿಡಿಯುವುದು. ಎಲ್ಲಿ ನಿಧಾನ ಮಾಡಬೇಕು, ಎಲ್ಲಿ ಎದುರಾಳಿಗೆ ಜಾಗ ಬಿಡಬೇಕು, ಜನ ಎಲ್ಲಿ ಸುಮ್ಮನಾದರು ಅನ್ನುವುದು ಅಲ್ಲೇ ಗೊತ್ತಾಗುವುದು. ಮೂನ್‌ಸಾಲ್ಟ್ ಎಲ್ಲೂ ಹೋಗುವುದಿಲ್ಲ. ತರಬೇತುದಾರರು ಕೆಳಗೆ ನಿಂತು, ದಪ್ಪ ಕ್ರ್ಯಾಶ್ ಮ್ಯಾಟ್ ಹಾಕಿ ಕಲಿಸುವವರೆಗೆ ಅದನ್ನು ಮರೆತುಬಿಡಿ.

ಶಾಲೆ ಆರಿಸುವಾಗ ದುಡ್ಡು ಕಟ್ಟುವ ಮೊದಲು ಒಂದು ಪೂರ್ತಿ ಕ್ಲಾಸ್ ಬದಿಯಲ್ಲಿ ಕೂತು ನೋಡಲು ಬಿಡುತ್ತಾರಾ ಕೇಳಿ. ಬಿಡುವುದಿಲ್ಲ ಅಂದರೆ ಬೇಡ. ಹೊಸಬರು ಮೊದಲ ದಿನ ಏನು ಮಾಡುತ್ತಿದ್ದಾರೆ ನೋಡಿ. ಉರುಳುವುದು, ಕತ್ತಿನ ವ್ಯಾಯಾಮ, ಕುಕ್ಕರಗಾಲಲ್ಲಿ ಕೂತು ಬಂಪ್, ಇಂಥದ್ದಾದರೆ ಸರಿ. ಮೊದಲ ದಿನವೇ ಯಾರನ್ನೋ ತಲೆ ಮೇಲೆ ಎತ್ತಿ ಕೆಡವುತ್ತಿದ್ದರೆ, ಇಲ್ಲವೇ "ಗಟ್ಟಿನಾ ನೋಡೋಣ" ಅಂತ ಹೊಸಬನನ್ನು ಸುಮ್ನೆ ಬಡಿಯುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ. ತಲೆಗೆ ಏಟಾದವರನ್ನು ಅವತ್ತೇ ಮತ್ತೆ ರಿಂಗ್‌ಗೆ ಇಳಿಸುತ್ತಾರಾ ಅಂತ ನೇರವಾಗಿ ಕೇಳಿ. ಇಳಿಸಬಾರದು, ಡಾಕ್ಟರ್ ಒಪ್ಪುವವರೆಗೆ ಇಳಿಸಲೇಬಾರದು. ಪ್ರಥಮ ಚಿಕಿತ್ಸೆ ಗೊತ್ತಿರುವವರು ಯಾರು, ಗಾಯವಾದರೆ ಖರ್ಚು ಯಾರದು, ಇದನ್ನೂ ಕೇಳಿಕೊಳ್ಳಿ. ಹಳೇ ವಿದ್ಯಾರ್ಥಿಗಳ ಜೊತೆ ಮಾತಾಡಿ, ಬಿಟ್ಟುಹೋದವರು ಸಿಕ್ಕರೆ ಇನ್ನೂ ಒಳ್ಳೆಯದು.

ಕೆಲಸ ಬಿಡಬೇಡಿ. ಸಣ್ಣ ಶೋಗಳಲ್ಲಿ ಸಿಗುವ ದುಡ್ಡು ಹೋಗಿಬರುವ ಖರ್ಚಿಗೂ ಸಾಲದ ದಿನಗಳೇ ಹೆಚ್ಚು. ಹೆಸರು ಬರಲು ವರ್ಷಗಳು ಹಿಡಿಯುತ್ತವೆ, ಎಷ್ಟೋ ಒಳ್ಳೆಯವರಿಗೆ ಬರುವುದೇ ಇಲ್ಲ. ಭುಜ ಸರಿಹೋಗುವವರೆಗೆ ಸಮಯ ಇದೆಯಲ್ಲ, ನಾನು ಹೇಳಿದ ನ್ಯಾಶ್‌ವಿಲ್ ಮ್ಯಾಚನ್ನು ಕಾಮೆಂಟರಿ ಇಲ್ಲದೆ ನೋಡಿ. ಒಂದು ಸಲ ಫ್ಲೇರ್‌ನನ್ನು ಮಾತ್ರ, ಇನ್ನೊಂದು ಸಲ ಸ್ಟೀಮ್‌ಬೋಟ್‌ನ ಮಂಡಿಯನ್ನು ಮಾತ್ರ. ನೋಡಿದ್ದನ್ನು ಬರೆದಿಟ್ಟುಕೊಳ್ಳಿ, ಶಾಲೆಗೆ ಸೇರಿದಾಗ ತರಬೇತುದಾರರಿಗೆ ತೋರಿಸಿ.